ಅಡಿಗೆಮನೆಗೊಂದು ಮೂಗು

ಕೃಷ್ಣಮೂರ್ತಿ ರಾಯರ ಊಟದ ಮನೆಗೆ ಗ್ಯಾಸು ಬಂದ ದಿನ ಆದವಾನಿಯ ಆ ಓಣಿಗೆಲ್ಲ ಖುಷಿಯಾಯಿತು, ಅಡಿಗೆಯ ಜಯತೀರ್ಥನೊಬ್ಬನನ್ನು ಬಿಟ್ಟು. ಕೆಂಪು ಸಿಲಿಂಡರು ಮೂಲೆಯಲ್ಲಿ ಹೊಸ ಅಳಿಯನ ಹಾಗೆ ಬಿಗಿದುಕೊಂಡು ಕೂತಿತ್ತು.

"ಲೀಕಯ್ತೆ ವಾಸನ ವಸ್ತುಂದಿ ಸ್ವಾಮಿ. ಮುಕ್ಕು ಉಂಟೇ ಚಾಲು," ಎಂದ ಜೋಡಿಸಲು ಬಂದ ಮೆಕ್ಯಾನಿಕ್. ಸೋರಿದರೆ ವಾಸನೆ ಬರುತ್ತದೆ, ಮೂಗಿದ್ದರೆ ಸಾಕು. ಆಮೇಲೆ ಸಾಬೂನು, ನೊರೆ ಎಂದು ಇನ್ನೇನೋ ಹೇಳಿದ. ಜಯತೀರ್ಥನಿಗೆ ಅದು ತಲೆಗೆ ಹೋಗಲಿಲ್ಲ. ಅವನ ಮನಸ್ಸು ಮೂಗಿನ ಮಾತಿನಲ್ಲೇ ಸಿಕ್ಕಿಕೊಂಡಿತ್ತು.

ಆರು ವರ್ಷದ ಹಿಂದೆ ಬಂದ ಜ್ವರ, ಹೋಗುವಾಗ ಅವನ ಮೂಗಿನ ವಾಸನೆಯನ್ನೂ ಕರೆದುಕೊಂಡು ಹೋಗಿತ್ತು. ದೇವರಿಗೆ ನೈವೇದ್ಯವಾಗುವ ತನಕ ರುಚಿ ನೋಡುವಂತಿಲ್ಲದ ಅಡಿಗೆಮನೆ ಅದು. ಉಪ್ಪು, ಹುಳಿ, ಇಂಗು ಎಲ್ಲವನ್ನೂ ವಾಸನೆಯಲ್ಲೇ ತಿಳಿಯಬೇಕು. ಜಯತೀರ್ಥ ಮುಷ್ಟಿಯ ಅಳತೆ, ಕುದಿಯುವ ಸದ್ದು, ಒಗ್ಗರಣೆಯ ಬಣ್ಣ ನೋಡಿಕೊಂಡು ಸಾಗಿಸುತ್ತಿದ್ದ. ಹತ್ತಿ ಮಿಲ್ಲಿನ ಗುಮಾಸ್ತರು ಎರಡೆರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದರು. ಆದರೆ ಕಟ್ಟಿಗೆ ಒಲೆಯ ಮುಂದೆ ನಡೆದ ಗುಟ್ಟು ಗ್ಯಾಸಿನ ಮುಂದೆ ನಡೆಯುವಂತಿರಲಿಲ್ಲ. ಸೋರಿದ್ದು ತಿಳಿಯದೆ ಕಡ್ಡಿ ಗೀರಿದರೆ ಹುಳಿಯ ಜತೆ ತಾನೂ ಅಟ್ಟಕ್ಕೇರಬೇಕು.

ಒಲೆ ಹಚ್ಚುವಾಗ ಪಕ್ಕಕ್ಕೆ ಯಾರಾದರೂ ನಿಂತರೆ ಸಾಕಿತ್ತು. ಹಾಗೆಂದು ರಾಯರಿಗೆ ಹೇಳಿದರೆ, ಮೂಗಿಲ್ಲದ ಅಡಿಗೆಯವನನ್ನು ಅವರು ಇಟ್ಟುಕೊಳ್ಳುತ್ತಾರೆಯೇ?

ಜಯತೀರ್ಥ ಬಡಿಸುವ ರಾಘಣ್ಣನಿಗೆ ಗುಟ್ಟು ಹೇಳಿ ಬುದ್ಧಿ ಕೇಳಿದ. ರಾಘಣ್ಣ ಅವನ ಗದ್ದ ಹಿಡಿದು, ತೆಂಗಿನಕಾಯಿ ಆರಿಸುವವನ ಹಾಗೆ ಬೆಳಕಿಗೆ ತಿರುಗಿಸಿ ನೋಡಿದ.

"ಮೂಗು ಗಟ್ಟಿಮುಟ್ಟಾಗೇ ಅದಲ್ಲೋ. ರಾಯರಿಗೆ ಏನಂತ ತೋರಸ್ತಿ? ಕೈ ಮುರದಿದ್ರ ಪಟ್ಟಿ ಕಟ್ಟಿ ತೋರಸಬಹುದಿತ್ತು."

"ಯಾರ ಮುಂದೂ ಅನಬ್ಯಾಡ ಮತ್ತ."

"ನಾ ಯಾಕ ಅನ್ಲೋ."

ಅಕ್ಕಿ ತೊಳೆಯುವಷ್ಟರಲ್ಲಿ ಹಾಲಿನ ಭೀಮಲಿಂಗಪ್ಪ, ಸೊಪ್ಪು ಮಾರುವ ಹುಸೇನಮ್ಮ ಇಬ್ಬರೂ ಹಿತ್ತಲ ಬಾಗಿಲಲ್ಲಿ ನಿಂತಿದ್ದರು.

"ಸ್ವಾಮಿ, ಮೂಗು ಹೋಗೇತಂತ? ಎಲ್ಲಿ ಹೋಗೇತಿ, ಅಲ್ಲೇ ಐತಲ್ಲ," ಎಂದು ಭೀಮಲಿಂಗಪ್ಪ ಹೆಗಲ ಕಂಬಳಿ ಮುಂದೆ ಹಿಡಿದ. "ಇದನ್ನ ಮೂಸ್ರಿ. ನಮ್ಮ ಕುರಿಗೂ ತಡಿಯಂಗಿಲ್ಲ ಇದರ ವಾಸನಿ."

ಜಯತೀರ್ಥ ಮಲ್ಲಿಗೆ ಮೂಸಿದವನಂತೆ ಶಾಂತವಾಗಿ ನಿಂತ.

"ಖರೇವೇ ಹೋಗೇತಿ," ಎಂದು ಭೀಮಲಿಂಗಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಹೋಗಿರಂಗಿಲ್ಲ, ಮಲಗಿರತೈತಿ. ಘಾಟು ಕೊಟ್ರ ಏಳತೈತಿ," ಎಂದು ಹುಸೇನಮ್ಮ, ಅವನು ಬೇಡ ಎನ್ನುವ ಮೊದಲೇ ಬುಟ್ಟಿಯ ಉಳ್ಳಾಗಡ್ಡಿಯೊಂದನ್ನು ಜಜ್ಜಿ ಅವನ ಮೂಗಿಗೆ ಹಿಂಡಿಬಿಟ್ಟಳು. ಎರಡೂ ಕಣ್ಣಲ್ಲಿ ನೀರು ಬಂತು. ವಾಸನೆ ಬರಲಿಲ್ಲ.

ಅಷ್ಟರಲ್ಲಿ ರಾಯರ ಅತ್ತೆ ತುಂಗಾಬಾಯಿ ಬಂದರು. ಅವರ ಮೂಗೆಂದರೆ ಓಣಿಗೇ ಹೆದರಿಕೆ. ಹೋದ ತಿಂಗಳು ರಾಘಣ್ಣ ಬಸ್‌ಸ್ಟ್ಯಾಂಡಿನಲ್ಲಿ ಉಳ್ಳಾಗಡ್ಡಿ ಬೋಂಡಾ ತಿಂದು ಬಂದಾಗ ಹೊಸ್ತಿಲಲ್ಲೇ ಹಿಡಿದಿದ್ದರು. ಹುಸೇನಮ್ಮ ಕೈ ಬೆನ್ನ ಹಿಂದೆ ಬಚ್ಚಿಟ್ಟಳು. ತುಂಗಾಬಾಯಿ ಒಂದು ಚಿಟಿಕೆ ನಶ್ಯ ಏರಿಸಿ, "ಇದೇನು ಸಂತಿನೋ? ನನ್ನ ಕಾಫಿ ಎಲ್ಲಿ?" ಎಂದು ಲೋಟ ತೆಗೆದುಕೊಂಡು ಹೊರಟುಹೋದರು. ಬದುಕಿದೆವು ಎಂದುಕೊಂಡರು ಎಲ್ಲರೂ.

ಹಿಂದೆಯೇ ರಾಯರು ಒಲೆಯ ಪೂಜೆಗೆಂದು ಕುಂಕುಮ ಹಿಡಿದು ಬಂದು, ಹೊಸ್ತಿಲಲ್ಲೇ ನಿಂತರು.

"ಉಳ್ಳಾಗಡ್ಡಿ."

ಮೂರು ತಲೆಮಾರಿನಿಂದ ಆ ಅಡಿಗೆಮನೆಯಲ್ಲಿ ಯಾರೂ ಆ ಹೆಸರು ಎತ್ತಿರಲಿಲ್ಲ. ಹುಸೇನಮ್ಮ, ಭೀಮಲಿಂಗಪ್ಪ ಗಾಳಿಯಾದರು. ರಾಯರು ಮೂಸುತ್ತ ಬಂದು ಜಯತೀರ್ಥನ ಮೂಗಿನ ಎದುರೇ ನಿಂತರು.

"ತಿಂದಿ ಏನೋ?"

"ಇಲ್ರಿ ರಾಯರ."

"ಗಮ್ಮಂತ ಹೊಡೀಲಿಕತ್ತದ. ಇಷ್ಟೂ ಗೊತ್ತಾಗೋದಿಲ್ಲೇನು ನಿನಗ?"

ಗೊತ್ತಾಗುತ್ತದೆ ಎಂದರೆ ಉಳ್ಳಾಗಡ್ಡಿ ತಿಂದ ಕಳ್ಳ. ಇಲ್ಲ ಎಂದರೆ ಮೂಗಿಲ್ಲದ ಅಡಿಗೆಯವ. ಹೇಗೂ ಕೆಲಸ ಹೋಗುವುದೇ ಆದರೆ ನಿಜ ಹೇಳಿಯೇ ಹೋಗಲಿ ಎಂದು ಜಯತೀರ್ಥ ಎಲ್ಲ ಹೇಳಿದ. ಕೊನೆಗೆ ಕೈ ಮುಗಿದ.

"ಒಂದೇ ಕೇಳ್ತೀನ್ರಿ. ಒಲಿ ಹಚ್ಚೋ ಹೊತ್ತಿಗೆ ಮೂಗಿರೋರು ಒಬ್ರು ಬಾಜೂಕ ನಿಲ್ಲಲಿ. ಉಳಿದದ್ದು ನಾ ನೋಡ್ಕೋತೀನಿ."

ರಾಯರು ಮಣೆ ಎಳೆದುಕೊಂಡು ಕೂತರು. "ಮತ್ತ ನಿನ್ನಿ ಹುಳಿ?"

"ಕಿವಿಲೆ ಕೇಳಿ ಮಾಡಿದ್ದರಿ."

"ಸಾರು?"

"ಕಣ್ಣಿಲೆ."

"ನಾ ಎರಡು ಸಲ ಹಾಕಿಸ್ಕೊಂಡೆ." ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದಿಲ್ಲ ಅಂದ್ರ ಎಲಿ ಯಾವುದು, ನೆಲ ಯಾವುದು ನನಗ ತಿಳಿಯೋದಿಲ್ಲ. ಅದಕ್ಕ ಊಟದ ಮನಿ ಮುಚ್ಚೀನೇನು? ಮೊದಲೇ ಹೇಳಬಾರದಾ? ಹೋಗು, ಮತ್ತೊಮ್ಮೆ ಸ್ನಾನ ಮಾಡಿ ಬಾ. ನಮ್ಮ ಅತ್ತಿಯವರನ್ನ ನಿನ್ನ ಬಾಜೂಕ ಕೂಡಸ್ತೀನಿ. ಆದವಾನ್ಯಾಗ ಅವರಂಥ ಮೂಗು ಇನ್ನೊಂದಿಲ್ಲ."

ತಣ್ಣೀರು ಸುರಿದುಕೊಳ್ಳುವಾಗ ಜಯತೀರ್ಥನಿಗೆ ಆರು ವರ್ಷದ ಹೊರೆ ಇಳಿದಂತಾಯಿತು. ಮಡಿಯುಟ್ಟು ಬಂದರೆ ತುಂಗಾಬಾಯಿ ನಶ್ಯದ ಡಬ್ಬಿ, ಲೋಟ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಅವನು ಕಡ್ಡಿ ಹಿಡಿದು ಕೇಳಿದ.

"ನೋಡ್ರಿ ಅಜ್ಜೀ, ವಾಸನಿ ಅದೇನು?"

ತುಂಗಾಬಾಯಿ ಬಾಗಿಲ ಕಡೆ ನೋಡಿ, ಅಳಿಯ ದೂರವಿದ್ದಾನೆ ಎಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು.

"ನನ್ನೇನು ಕೇಳ್ತಿಯೋ. ನಲವತ್ತು ವರ್ಷ ನಶ್ಯ ಏರಿಸಿದ ಮೂಗು. ಬಾಜೂಕ ಹೆಗ್ಗಣ ಸತ್ತಿದ್ರೂ ತಿಳಿಯೋದಿಲ್ಲ."

ಜಯತೀರ್ಥನ ಕೈಯ ಕಡ್ಡಿ ಕೆಳಗೆ ಬಿತ್ತು. "ಮತ್ತ ರಾಘಣ್ಣನ ಬೋಂಡಾ?"

"ಏನೋ ವಾಸನಿ ಬರ್ತದಲ್ಲ ಅಂತ ಎಲ್ಲರಿಗೂ ಅಂತೀನಿ. ತಪ್ಪು ಮಾಡಿದಾವ ತಾನೇ ಬಾಯಿ ಬಿಡ್ತಾನ. ಅಳಿಯಗ ಹೇಳಬ್ಯಾಡಪಾ. ಈ ಮನ್ಯಾಗ ನನ್ನ ಮಾತು ನಡಿಯೋದು ಈ ಮೂಗಿನ ಮ್ಯಾಲೆ."

ಆ ಹೆದರಿಕೆ ಜಯತೀರ್ಥನಿಗೆ ಹೊಸದಲ್ಲ. ಆರು ವರ್ಷ ಅದನ್ನೇ ಬೇಯಿಸಿಕೊಂಡು ಉಂಡಿದ್ದ.

"ಹೇಳಂಗಿಲ್ಲ ಬಿಡ್ರಿ. ಒಲಿಗೇನು ಮಾಡೋಣು?"

"ಮೂಗಿಲ್ಲದಿದ್ರೇನು, ಕಿವಿ ಚಲೋ ಅವ. ಕೊಳವಿಗೆ ಸಾಬೂನಿನ ನೊರಿ ಹಚ್ರಿ, ಗುಳ್ಳಿ ಎದ್ರ ಸೋರ್ತದ ಅಂತ ಆ ಮೆಕ್ಯಾನಿಕ್ ಹೇಳಲಿಲ್ಲೇನು? ನೀ ಎಲ್ಲಿದ್ದಿ? ತಾ ಸಾಬೂನು."

ಜಯತೀರ್ಥ ನೊರೆ ಮಾಡಿ ಕೊಳವೆಯುದ್ದಕ್ಕೂ ಸವರಿದ. ಇಬ್ಬರೂ ಬಗ್ಗಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ತುಂಗಾಬಾಯಿ ಸೆಟೆದು ಕೂತು ಕೂಗಿದರು.

"ಕೃಷ್ಣಮೂರ್ತೀ, ನನ್ನ ಮೂಗಿಗಂತೂ ಏನೂ ಬರವಲ್ದು. ಹಚ್ಚಲಿ."

ಒಲೆ ನೀಲಿಯಾಗಿ ಹತ್ತಿಕೊಂಡಿತು. ಹೊರಗಿನಿಂದ ರಾಯರ ದನಿ ಬಂತು. "ನೋಡಿದಿ ಜಯತೀರ್ಥಾ? ಮೂಗು ಅಂದ್ರ ಅದು."

"ಹೌದ್ರಿ ರಾಯರ," ಎಂದ ಜಯತೀರ್ಥ. ಒಂದು ಮೂಗು ಕೇಳಲು ಹೋದವನು, ಇನ್ನು ದಿನವೂ ಎರಡು ಮೂಗಿನ ಕೆಲಸ ಮಾಡಬೇಕಾಗಿತ್ತು.

ತುಂಗಾಬಾಯಿ ಖಾಲಿ ಲೋಟ ಅವನ ಮುಂದೆ ಸರಿಸಿದರು. "ಬಾಜೂಕ ಕೂಡೋದಂದ್ರ ಸುಮ್ಮನಾ? ಸಕ್ರಿ ಮುಂದಾಗಿರ್ಲಿ."

ಹೀಗಾಗಿ ಆ ಹೊಸ ಒಲೆಯ ಮೇಲೆ ಮೊದಲು ಕುದಿದದ್ದು ಹುಳಿಯಲ್ಲ, ಮೂಗಿನವರ ಕಾಫಿ.