ನಾಲ್ಕನೆಯ ಸಾಲು

ಊರವರೆಲ್ಲ ಮೀಯುವ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತಿದ್ದ ಕೋಲ್ಬೆಯ್ನ್ ಆವತ್ತು ಬೆಳಿಗ್ಗೆ ಬಾಯಿಯನ್ನೂ ನೀರೊಳಗೇ ಇಟ್ಟುಕೊಂಡಿರಬೇಕಿತ್ತು. ಹೊರಗೆ ಹಿಮ ಉದುರುತ್ತಿತ್ತು, ನೀರು ಹದವಾಗಿ ಸುಡುತ್ತಿತ್ತು. ಮನಸ್ಸಿನಲ್ಲಿದ್ದದ್ದು ಕರಗಿ ಬಾಯಿಗೆ ಬಂದುಬಿಟ್ಟಿತು.

“ಕಂಪ್ಯೂಟರ್‌ನಲ್ಲಿರೋ ಕಾಗದಪತ್ರ ಎಲ್ಲಾ ಜೋಡಿಸಿಡೋಕೆ ಒಳ್ಳೇ ಸಾಫ್ಟ್‌ವೇರ್ ಯಾವುದು?”

ಆವಿಯೊಳಗಿಂದ ಮೂರು ತಲೆಗಳು ಒಟ್ಟಿಗೇ ಅವನ ಕಡೆ ತಿರುಗಿದವು: ಅಂಚೆ ಕಚೇರಿಯ ಸ್ವಾವಾ, ದೋಣಿಯ ಯಜಮಾನ ಓತ್ತರ್, ಊರಿನ ಚರ್ಚಿನ ಪಾದ್ರಿ ರಾಗ್ನಾ. ಐಸ್‌ಲ್ಯಾಂಡಿನ ಈ ಮೀನುಗಾರರ ಊರಿಗೆ ತೊಟ್ಟಿಯೇ ಪಂಚಾಯಿತಿ ಕಟ್ಟೆ. ದಿನಾ ಬೆಳಿಗ್ಗೆ ಒಬ್ಬರು ಅಲ್ಲಿ ಅರ್ಧ ಪದ್ಯ ಎಸೆಯುತ್ತಾರೆ, ಇನ್ನೊಬ್ಬರು ಉಳಿದರ್ಧ ಕಟ್ಟಿ ಮುಗಿಸುತ್ತಾರೆ, ಮಿಕ್ಕವರು ನೀರು ಬಡಿದು ನಗುತ್ತಾರೆ. ಬಂದರು ಕಚೇರಿಯಿಂದ ನಿವೃತ್ತನಾದ ಕೋಲ್ಬೆಯ್ನ್ ಮಾತ್ರ ಈವರೆಗೆ ಒಂದು ಸಾಲೂ ಕಟ್ಟಿದವನಲ್ಲ. ಕೇಳುತ್ತಿದ್ದ, ಮನೆಗೆ ಹೋಗಿ ಬರೆದಿಡುತ್ತಿದ್ದ. ಊರವರ ಪದ್ಯ, ಹಳೇ ಕಾಗದ, ಹಾಡಿದ ದನಿ, ಎಲ್ಲ ಸೇರಿ ಮೂವತ್ತು ವರ್ಷಕ್ಕೆ ಮೂವತ್ತೆರಡು ಸಾವಿರ ಕಡತಗಳಾಗಿದ್ದವು. ಅವಕ್ಕೆ ಅವನಿಟ್ಟ ಹೆಸರುಗಳು ‘ಹೊಸದು’, ‘ಹೊಸದು ಎರಡು’, ‘ಇದೇ ಸರಿ’, ‘ಇದಲ್ಲ, ಅದು’.

“ಈಗ್ಯಾಕೋ ಇದ್ದಕ್ಕಿದ್ದ ಹಾಗೆ?” ಎಂದಳು ಸ್ವಾವಾ.

ಹೇಳಲೇಬೇಕಾಯಿತು. ಹಿಂದಿನ ದಿನ ಸ್ಟೇನ್‌ವೋರ್ ಅಜ್ಜಿ ಫೋನು ಮಾಡಿದ್ದಳು. ಇವತ್ತು ಮಧ್ಯಾಹ್ನ ಮೂರಕ್ಕೆ ಅವಳ ತೊಂಬತ್ತನೇ ಹುಟ್ಟುಹಬ್ಬದ ಕಾಫಿ. ತೀರಿಕೊಂಡ ಗಂಡ ಏರ್ಲಿಂಗುರ್ ಅವಳನ್ನು ಮದುವೆಗೆ ಕೇಳಲು ಬಂದಾಗ ಒಂದು ಪದ್ಯ ಬರೆದಿದ್ದ. “ಮೂರು ಸಾಲು ಬಾಯಲ್ಲಿದೆ ಕಣೋ, ನಾಲ್ಕನೇದು ಬರ್ತಿಲ್ಲ. ಕಾಗದ ನಿನ್ನ ಕೈಗೇ ಕೊಟ್ಟಿದ್ದೆ. ನಾಳೆ ಪೂರ್ತಿ ಕೇಳಿಸಿಬಿಡು, ಆಮೇಲೆ ದೇವರು ಯಾವತ್ತು ಕರೆದ್ರೂ ಸರಿ,” ಎಂದಿದ್ದಳು. ಕಾಗದ ಕೊಟ್ಟದ್ದು ಹನ್ನೆರಡು ವರ್ಷದ ಹಿಂದೆ. ಕೋಲ್ಬೆಯ್ನ್ ಅದನ್ನು ಸ್ಕ್ಯಾನ್ ಮಾಡಿ ಜೋಪಾನವಾಗಿ ನೆಲಮಾಳಿಗೆಯಲ್ಲಿಟ್ಟಿದ್ದ. ಮರುವರ್ಷ ಅಲ್ಲಿ ಕೊಳಾಯಿ ಒಡೆದು ಕಾಗದವೆಲ್ಲ ಗಂಜಿಯಾಗಿತ್ತು. ಉಳಿದದ್ದು ಸ್ಕ್ಯಾನ್ ಒಂದೇ, ಮೂವತ್ತೆರಡು ಸಾವಿರದಲ್ಲಿ ಎಲ್ಲೋ.

“ಅಯ್ಯೋ, ಇಷ್ಟೇನಾ! ನನ್ನ ಹತ್ರ ಇರೋ ಸಾಫ್ಟ್‌ವೇರ್ ಹಾಕು, ಅಂಚೆ ವಿಂಗಡಿಸಿದ ಹಾಗೆ ವಿಂಗಡಿಸುತ್ತೆ,” ಎಂದು ಸ್ವಾವಾ ನೀರಿನಿಂದೆದ್ದಳು.

“ಅವಳ ಅಂಚೆ ನಂಬಬೇಡ ಮಾರಾಯ. ಹೋದ ತಿಂಗಳು ನನ್ನ ಕಾಗದ ಪಕ್ಕದೂರಿಗೆ ಹೋಗಿತ್ತು,” ಎಂದು ಓತ್ತರ್ ಹಿಂದೆಯೇ ಎದ್ದ.

ಪಾದ್ರಿ ಮೆಲ್ಲಗೆ, “ನನ್ನದೂ ಒಂದಿದೆ,” ಎಂದಳು.

ಹತ್ತು ಗಂಟೆಗೆ ಮೂವರೂ ಕೋಲ್ಬೆಯ್ನ್‌ನ ಅಡುಗೆಮನೆಯ ಮೇಜಿನ ಸುತ್ತ ಒದ್ದೆ ತಲೆಯಲ್ಲಿ ಕೂತು ಅವನದೇ ಕಾಫಿ ಕುಡಿಯುತ್ತಿದ್ದರು.

ಸ್ವಾವಾಳ ಸಾಫ್ಟ್‌ವೇರ್ ಎಲ್ಲವನ್ನೂ ಮನೆತನದ ಹೆಸರಿನಲ್ಲಿ ವಿಂಗಡಿಸುವಂಥದ್ದು. ಇಲ್ಲಿ ಮನೆತನದ ಹೆಸರು ಯಾರಿಗಿದೆ? ಅಪ್ಪನ ಹೆಸರಿಗೆ ಮಗ ಅಂತಲೋ ಮಗಳು ಅಂತಲೋ ಸೇರಿಸಿಕೊಂಡರೆ ಮುಗಿಯಿತು. ಪರದೇಶದಲ್ಲಿ ಹುಟ್ಟಿದ ಸಾಫ್ಟ್‌ವೇರಿಗೆ ಅದು ಹೇಗೆ ತಿಳಿಯಬೇಕು? ಇನ್ನೂರು ವರ್ಷದಲ್ಲಿ ಯೋನ್ ಎಂಬ ಹೆಸರಿನ ಬೇರೆ ಬೇರೆ ಅಪ್ಪಂದಿರಿಗೆ ಹುಟ್ಟಿದ ನಾನೂರ ಹನ್ನೆರಡು ಗಂಡಸರನ್ನು ಅದು ಒಂದೇ ಮನೆಯಲ್ಲಿ ತುಂಬಿತು. ಸ್ಟೇನ್‌ವೋರ್‌ಗೂ ಏರ್ಲಿಂಗುರ್‌ಗೂ ಸಂಬಂಧವೇ ಇಲ್ಲವೆಂದಿತು. ಕೊನೆಗೆ ಕೋಲ್ಬೆಯ್ನ್‌ನ ಹೆತ್ತ ತಾಯಿಯ ಚಿತ್ರ ತೋರಿಸಿ, ‘ಈ ಅಪರಿಚಿತರನ್ನು ತೆಗೆದುಹಾಕಲೇ?’ ಎಂದು ಕೇಳಿತು.

“ಬೇಡ! ಬೇಡ!” ಎಂದು ಕೋಲ್ಬೆಯ್ನ್ ಪರದೆಗೆ ಕೈ ಅಡ್ಡ ಹಿಡಿದ.

“ಸರಿ ಬಿಡು, ನಂದು ನೋಡು,” ಎಂದ ಓತ್ತರ್. “ಇದು ಬಲೆ ಇದ್ದ ಹಾಗೆ. ಒಂದೇ ಮಾತು ಇರೋ ಕಡತಗಳಿಗೆಲ್ಲ ಗಂಟು ಹಾಕುತ್ತೆ. ಒಂದೆಳೆ ಎಳೆದರೆ ಸಾಕು.”

ಎಲ್ಲ ಪದ್ಯದಲ್ಲೂ ಸಮುದ್ರವಿತ್ತು. ಮೂವತ್ತೆರಡು ಸಾವಿರ ಕಡತಗಳೂ ಒಂದಕ್ಕೊಂದು ಗಂಟು ಬಿದ್ದು ಪರದೆ ಕಪ್ಪಗಾಯಿತು. ಕಂಪ್ಯೂಟರು ತುಂಬು ಗಬ್ಬದ ಹಸುವಿನಂತೆ ಏದುಸಿರು ಬಿಡತೊಡಗಿತು. ಓತ್ತರ್ ಅದನ್ನು ಎತ್ತಿಕೊಂಡು ಹೋಗಿ ಕಿಟಕಿಯ ಹೊರಗೆ ಹಿಮದ ಮೇಲೆ ಕೂರಿಸಿದ.

“ಸತ್ತೇ ಹೋದ್ರೆ?” ಎಂದ ಕೋಲ್ಬೆಯ್ನ್.

“ಪಾದ್ರಿ ಇಲ್ಲೇ ಇದ್ದಾರಲ್ಲ.”

ಅದು ತಣ್ಣಗಾಗುವಾಗ ಗಂಟೆ ಎರಡು. ಕೋಲ್ಬೆಯ್ನ್‌ನ ಮುಖ ಬೆಂದ ಮೀನಿನ ಬಣ್ಣಕ್ಕೆ ತಿರುಗಿತ್ತು. ರಾಗ್ನಾ ಕುರ್ಚಿ ಎಳೆದುಕೊಂಡು, “ನನ್ನದು ಹಳೇ ಕೈಬರಹ ಓದುತ್ತೆ. ಚರ್ಚಿನ ದಾಖಲೆಗೆ ತಂದದ್ದು. ನಿಮಗೆ ಗೊತ್ತಿರೋ ಸಾಲು ಹೇಳಿ,” ಎಂದಳು.

ಅಜ್ಜಿ ಫೋನಿನಲ್ಲಿ ಒಪ್ಪಿಸಿದ್ದನ್ನು ಕೋಲ್ಬೆಯ್ನ್ ಹೇಳಿದ:

ಹೊತ್ತು ಮುಳುಗದ ರಾತ್ರಿ ದೋಣಿ ನೂಕಿ ಬಂದೆ,
ಹತ್ತು ಮೀನಿನ ನಡುವೆ ನಿನ್ನ ಹೆಸರ ತಂದೆ,
ಸುತ್ತ ಅಲೆಗಳು ನಕ್ಕು ಕೇಳಿದವು ಅದೊಂದೇ...

ಎರಡೂವರೆಗೆ ಒಂದೇ ಒಂದು ಕಡತ ಮೇಲೆ ಬಂತು. ಹೆಸರು, ‘ಇದಲ್ಲ, ಅದು’. ಮೂವರೂ ಚಪ್ಪಾಳೆ ತಟ್ಟಿದರು. ಹಳದಿ ತಿರುಗಿದ ಕಾಗದ, ಏರ್ಲಿಂಗುರ್‌ನ ಓರೆ ಬರಹ. ಮೊದಲ ಸಾಲು, ಎರಡನೇದು, ಮೂರನೇದು. ಅದರ ಕೆಳಗೆ ಅಂಗೈಯಗಲದ ಒಂದು ಚೀಟಿ ಅಂಟಿತ್ತು. ಚೀಟಿಯ ಮೇಲೆ ಕೋಲ್ಬೆಯ್ನ್‌ನದೇ ದುಂಡು ಅಕ್ಷರ: ‘ಅತಿ ಮುಖ್ಯ. ಕಳೆಯಬಾರದು.’

ಚಪ್ಪಾಳೆ ತಟ್ಟಿದ ಕೈಗಳು ಅಲ್ಲೇ ನಿಂತವು.

“ಚೀಟಿ ಎತ್ತಿ ನೋಡೋ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ,” ಎಂದಳು ಸ್ವಾವಾ ಕೊನೆಗೆ.

ಮೂರಕ್ಕೆ ಅಜ್ಜಿಯ ಮನೆ ತುಂಬಿತ್ತು. ಸಕ್ಕರೆ ಉದುರಿಸಿ ಸುತ್ತಿದ ದೋಸೆ, ಹೊಗೆಯಾಡಿಸಿದ ಕುರಿಮಾಂಸ, ಪದರ ಪದರದ ಕೇಕು. ಕೋಲ್ಬೆಯ್ನ್ ಯಾವುದನ್ನೂ ಮುಟ್ಟಲಿಲ್ಲ. ದಾರಿಯುದ್ದಕ್ಕೂ ಅವನ ತುಟಿ ಅಲ್ಲಾಡಿತ್ತು, ಬೆರಳುಗಳು ಕೋಟಿನ ಜೇಬಿನೊಳಗೆ ಏನನ್ನೋ ಎಣಿಸಿದ್ದವು. ಅಜ್ಜಿ ಕೋಲೂರಿ ಕೂತು, “ಎಲ್ಲಿ, ಹೇಳಪ್ಪ,” ಎಂದಳು. ಅವನು ಎದ್ದು ನಿಂತು ಮೂರು ಸಾಲು ಹೇಳಿದ. ನಾಲ್ಕನೆಯದಕ್ಕೆ ಕಣ್ಣು ಮುಚ್ಚಿಕೊಂಡ.

ಉತ್ತರವು ಮನೆಯೊಳಗೆ ಕಾಯುತಿದೆ, ಅಂದೆ.

ಅಜ್ಜಿಯ ಕಣ್ಣು ತುಂಬಿ ಬಂತು. “ಹೂಂ,” ಎಂದಳು. “ಹೌದು. ಅದೇ.” ಮನೆಯವರೆಲ್ಲ ಕೈ ತಟ್ಟಿದರು. ಪಾದ್ರಿ ಕಾಫಿ ಬಟ್ಟಲಿನೊಳಗೆ ನೋಡುತ್ತ ಕೂತಳು.

ಆದರೆ ಕೋಲ್ಬೆಯ್ನ್‌ಗೆ ಎದೆಯಲ್ಲಿ ಮುಳ್ಳು. ಎಲ್ಲರೂ ಕೇಕಿನತ್ತ ತಿರುಗಿದಾಗ ಅಜ್ಜಿಯ ಕುರ್ಚಿಯ ಪಕ್ಕ ಬಗ್ಗಿದ. “ಅಜ್ಜಿ, ತಪ್ಪಾಯ್ತು. ಕೊನೇ ಸಾಲು ಏರ್ಲಿಂಗುರ್‌ದಲ್ಲ. ಅವರದ್ದರ ಮೇಲೆ ನಾನು ಚೀಟಿ ಅಂಟಿಸಿಬಿಟ್ಟಿದ್ದೆ.”

“ಅಂಟಿಸಿದ ಜಾಗದಲ್ಲಿ ಏನಿತ್ತೋ, ಪೆದ್ದ? ಬರೀ ಕಾಗದ!” ಎಂದು ಅಜ್ಜಿ ಅವನ ಕಿವಿ ಹಿಂಡಿದಳು. “ಅವನಿಗೆ ನಾಲ್ಕನೇ ಸಾಲು ಹುಟ್ಟಲೇ ಇಲ್ಲ. ಅಲೆ ಕೇಳ್ತು ಅಂತ ಬರೆದ, ಏನಂತ ಉತ್ತರ ಕೊಡೋದು ಅಂತ ಐವತ್ತು ವರ್ಷ ತಲೆ ಕೆರ್ಕೊಂಡ.”

“ಮತ್ತೆ... ಮರೆತುಹೋಗಿದೆ ಅಂದ್ರಿ?”

“ಕಟ್ಟಿಕೊಡು ಅಂದಿದ್ರೆ ಕಟ್ತಿದ್ಯಾ ನೀನು? ತೊಟ್ಟೀಲಿ ಕಪ್ಪೆಚಿಪ್ಪಿನ ಹಾಗೆ ಬಾಯಿ ಮುಚ್ಕೊಂಡು ಕೂರ್ತೀಯಂತೆ. ಹುಡುಕು ಅಂದ್ರೆ ಮಾತ್ರ ನೀನು ಪ್ರಾಣ ಬಿಟ್ಟು ಹುಡುಕ್ತೀಯ.” ಅಜ್ಜಿ ಕೋಲಿನಿಂದ ಕುರ್ಚಿಯ ಅಡಿಯಿಂದ ಒಂದು ತಗಡಿನ ಡಬ್ಬಿಯನ್ನು ಈಚೆಗೆ ನೂಕಿದಳು. “ತಗೋ. ಅವನ ಪದ್ಯ ಇನ್ನೂ ನಲವತ್ತಿದೆ. ಎಲ್ಲಾ ಮೂರ್ಮೂರೇ ಸಾಲು. ತೊಂಬತ್ತೊಂದಕ್ಕೆ ಒಂದು ವರ್ಷ ಇದೆಯಲ್ಲ, ಅವಸರ ಇಲ್ಲ.”

ಡಬ್ಬಿಯನ್ನು ಎದೆಗವಚಿಕೊಂಡು ಕೋಲ್ಬೆಯ್ನ್ ಹೊರಬಿದ್ದ. ಬಾಗಿಲಲ್ಲಿ ಸ್ವಾವಾ ಹಿಡಿದಳು.

“ಏನೋ ಅದು?”

“ಇನ್ನಷ್ಟು ಕಾಗದ.”

“ಅಷ್ಟೇನಾ! ಅದಕ್ಕೊಂದು ಹೊಸ ಸಾಫ್ಟ್‌ವೇರ್ ಬಂದಿದೆ, ನನ್ನ ತಂಗಿ ಮಗ ಹೇಳ್ತಿದ್ದ...”

ಅವನಿಗೆ ಕೇಳಿಸಲಿಲ್ಲ. ಹಿಮದಲ್ಲಿ ಮೆಲ್ಲಗೆ ನಡೆಯುತ್ತ, ಡಬ್ಬಿಯ ಮುಚ್ಚಳದ ಮೇಲೆ ಬೆರಳಿನಿಂದ ತಾಳ ಹಾಕುತ್ತ, ತನ್ನ ಮನೆಯ ಬಾಗಿಲನ್ನೂ ದಾಟಿ ಮುಂದೆ ಹೋಗಿಬಿಟ್ಟ.