ಬಚ್ಚಲಲ್ಲಿ ಸಿಕ್ಕ ದನಿ

ಕಾದಂಬರಿಕಾರರ ಮೂರನೆಯ ಕಾದಂಬರಿಯೂ ಹೋದ ಪುಟ್ಟ ಬಂದ ಪುಟ್ಟ ಎಂಬಂತೆ ಮನೆಗೆ ಮರಳಿತ್ತು. ಭಾಷೆ ಸೊಗಸಾಗಿದೆ, ಆದರೆ ನಿಮ್ಮ ಸ್ವಂತ ದನಿ ಎಲ್ಲೂ ಕೇಳಿಸುವುದಿಲ್ಲ ಎಂದು ಪ್ರಕಾಶಕರು ಮುಖಕ್ಕೆ ಹೊಡೆದಂತೆ ಹೇಳಿದ್ದರು.

"ಕೇಳಿಸ್ತಿಲ್ವಾ? ಇರಿ, ಕೇಳಿಸ್ತೀನಿ," ಎಂದು ಕಾದಂಬರಿಕಾರರು ಭೀಷಣ ಪ್ರತಿಜ್ಞೆ ಮಾಡಿದರು. ಇನ್ನು ಮೇಲೆ ಬರೆಯುವುದಿಲ್ಲ. ಬಾಯಲ್ಲೇ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡುವುದು. ಹಾಗಾದರೆ ದನಿ ಎಲ್ಲಿಗೆ ತಪ್ಪಿಸಿಕೊಂಡು ಹೋದೀತು?

ಮನೆಯಲ್ಲಿ ದನಿ ಗಂಭೀರವಾಗಿ ಮೊಳಗುವ ಜಾಗ ಬಚ್ಚಲುಮನೆಯೊಂದೇ. ಗಣಿತದ ಟೀಚರಾದ ಹೆಂಡತಿ ತರಕಾರಿ ತರಲು ಹೋಗಿದ್ದರು. ನಡುಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆಗೆ, ಒಳಗಿನಿಂದ ಏನು ಕೇಳಿಸಿದರೂ ಅದು ಕಾದಂಬರಿ, ಆಕಾಶವೇ ಕಳಚಿಬಿದ್ದರೂ ಬಾಗಿಲ ತಂಟೆಗೆ ಬರಕೂಡದು ಎಂದು ಅಪ್ಪಣೆ ಕೊಟ್ಟು ಕಾದಂಬರಿಕಾರರು ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಪದಗಳ ಮಹಾಪೂರವೇ ಹರಿಯಿತು. 'ಅಗೋಚರ ಅಂತರಂಗದ ಅನಂತ ಆಕ್ರಂದನ' ಎಂಬಲ್ಲಿಗೆ ಬರುವಷ್ಟರಲ್ಲಿ ಗಂಟಲು ಒಣಗಿತು. ಕಾಫಿ ಕುಡಿದು ಬರೋಣವೆಂದು ಚಿಲಕ ಎಳೆದರು. ಚಿಲಕದ ಹಿಡಿ ಕೈಗೆ ಬಂತು, ಬಾಗಿಲು ಬರಲಿಲ್ಲ.

"ಅತ್ತೇ, ನಾನು ಸಿಕ್ಕಿಹಾಕ್ಕೊಂಡಿದ್ದೀನಿ. ಬಾಗಿಲು ತಳ್ಳಿ."

ಅಷ್ಟು ಹೊತ್ತೂ ತೂಕಡಿಸುತ್ತಿದ್ದ ಅತ್ತೆಗೆ ಥಟ್ಟನೆ ಎಚ್ಚರವಾಯಿತು. ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡರು.

"ಈಗ ಕಥೆಗೆ ಕಳೆ ಬಂತು ನೋಡಿ ಅಳಿಯಂದ್ರೇ. ನನ್ನನ್ನೂ ಸೇರಿಸಿದ್ದೀರಿ. ಮುಂದೆ?"

ಇದು ಕಥೆಯಲ್ಲವೆಂದು ಅಳಿಯ ಆಣೆ ಹಾಕಿದರು. ಕಥೆಯೊಳಗಿನ ಮನುಷ್ಯ ಇನ್ನೇನು ಹೇಳಿಯಾನು ಎಂದರು ಅತ್ತೆ. ಅಳಿಯ ಬೇಡಿದರು, ಗುಡುಗಿದರು, ಚಿಲಕ ಮಾಡಿದವನ ವಂಶವನ್ನೆಲ್ಲ ಜಾಲಾಡಿದರು. ಅತ್ತೆ ಹೋಗಿ ಪಕ್ಕದ ಮನೆಯ ದರ್ಜಿಯಮ್ಮನನ್ನೂ ಕರೆತಂದು ಕೂರಿಸಿದರು. ಪಾಪ, ಈ ಕಥೆಯವನಿಗೆ ಹೆಂಡತಿ ಇಲ್ಲವೇ ಎಂದು ದರ್ಜಿಯಮ್ಮ ಕೇಳಿದರು.

ಕಾದಂಬರಿಕಾರರು ಸೋತು, ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು. ಇದ್ದಾಳೆ, ಅವಳು ಬಂದರೆ ಸಾಕು ಎಂದು ತಮ್ಮಷ್ಟಕ್ಕೇ ಶುರು ಮಾಡಿದರು. ದಡ್ಡ ಮಕ್ಕಳ ಉತ್ತರಪತ್ರಿಕೆಗೆ ಅರ್ಧ ಅಂಕ ಕದ್ದು ಸೇರಿಸಿ ಅವಳು ಕಳ್ಳಬೆಕ್ಕಿನಂತೆ ಸುತ್ತ ನೋಡುವುದು, ಮೂರು ಕಾದಂಬರಿ ವಾಪಸು ಬಂದ ಗಂಡನಿಗೆ ಮಾತ್ರ ಒಮ್ಮೆಯೂ ಅಂಕ ಕಳೆಯದಿರುವುದು, ಎಲ್ಲವೂ ಹೊರಬಂತು. ಬಾಗಿಲಾಚೆ ದರ್ಜಿಯಮ್ಮ ಸೊರಸೊರ ಮೂಗೆಳೆದರು.

ಅಷ್ಟರಲ್ಲಿ ಹೆಂಡತಿ ಬಂದರು. ಚೀಲ ಕೆಳಗಿಟ್ಟು ಒಂದು ನಿಮಿಷ ಕೇಳಿಸಿಕೊಂಡರು. ಮುಖ ಕೆಂಪೇರಿತು.

"ಅಮ್ಮಾ, ಇದು ಕಾದಂಬರಿ ಅಲ್ಲ. ಬಡಗಿಗೆ ಫೋನ್ ಮಾಡು."

"ನಿಂಗೆ ಹೇಗೆ ಗೊತ್ತಾಯ್ತೇ?"

"ಕಾದಂಬರಿ ಆಗಿದ್ರೆ ಇವರು ಹೇಳೋದು ನಮಗೆ ಅರ್ಥ ಆಗ್ತಿರಲಿಲ್ಲ."

ಬಡಗಿ ಬಂದು ಬಾಗಿಲು ಬಿಚ್ಚಿದ. ಫೋನು ಅನಂತ ಆಕ್ರಂದನದ ಹೊತ್ತಿಗೇ ಚಾರ್ಜ್ ಮುಗಿದು ಕಣ್ಣು ಮುಚ್ಚಿತ್ತು. ಆದರೆ ಕಾದಂಬರಿಕಾರರಿಗೆ ದುಃಖವಾಗಲಿಲ್ಲ. ಹೆಂಡತಿಯ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ನಡುವೆ ಒಂದು ಮುಚ್ಚಿದ ಬಾಗಿಲು, ಎರಡೂ ಕಡೆ ಬರೀ ಮಾತು, ವರ್ಣನೆ ಎಂಬುದು ಹೆಸರಿಗೂ ಇಲ್ಲ. ಇಡೀ ಕಾದಂಬರಿಯನ್ನು ಹೀಗೇ ಬರೆದರೆ? ಅಂದೇ ಕೂತರು. ಮರೆತಲ್ಲಿ ಅತ್ತೆ ನೆನಪಿಸಿದರು; ಮಾತು ಮೀಸೆ ತಿರುವಲು ಹೊರಟಲ್ಲಿ ಹೆಂಡತಿ ಕೆಮ್ಮಿದರು. ಬರೆಯುತ್ತ ಬರೆಯುತ್ತ ತಮಗೇ ನಗು ಬರುವುದು ಕಾದಂಬರಿಕಾರರಿಗೆ ಹೊಸ ಅನುಭವ.

ಕೆಲವು ತಿಂಗಳ ನಂತರ ಪ್ರಕಾಶಕರ ಕರೆ ಬಂತು. ಮನೆಮಂದಿಯೆಲ್ಲ ಕೇಳಲೆಂದು ಕಾದಂಬರಿಕಾರರು ಸ್ಪೀಕರ್ ಹಾಕಿ, ಎದೆ ಸೆಟೆಸಿ ನಿಂತರು.

"ಅಂತೂ ದನಿ ಸಿಕ್ತಲ್ಲ ಸ್ವಾಮಿ! ಅಚ್ಚಿಗೆ ಕಳಿಸ್ತಿದ್ದೀವಿ. ಬಾಗಿಲ ಹೊರಗೆ ಕೂತಿರೋ ಅತ್ತೆ ಇದ್ದಾರಲ್ಲ, ಎಂಥ ದನಿ ರೀ ಅದು. ಒಂದೇ ಒಂದು ಸಲಹೆ. ಒಳಗಿರೋ ಗಂಡಸು ಸ್ವಲ್ಪ ಜಾಸ್ತಿ ಕೊರೀತಾನೆ. ಅವನನ್ನ ಕಡಿಮೆ ಮಾಡಬಹುದಾ?"

ಕಾದಂಬರಿಕಾರರು ಬಾಯಿ ತೆರೆಯುವ ಮೊದಲೇ ಅತ್ತೆ ಫೋನಿನ ಕಡೆ ಬಾಗಿದರು.

"ಮೊದಲ ದಿನದಿಂದ ನಾನೂ ಅದನ್ನೇ ಹೇಳ್ತಿದ್ದೀನಿ ಕಣಪ್ಪ."