ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಮನುಷ್ಯನ ಎರಡು ಕಾಲುಗಳಲ್ಲಿ ಎಡಗಾಲು ತುಸು ದಡ್ಡ ಎಂಬುದು ನನ್ನ ಅಭಿಪ್ರಾಯ. ಬೇರೆಯವರದು ಗೊತ್ತಿಲ್ಲ, ನನ್ನದರ ಬಗ್ಗೆ ಖಾತ್ರಿಯಾಗಿ ಹೇಳಬಲ್ಲೆ. ಹರೆಯದಲ್ಲಿ ಮಸ್ಕಿಯ ಸಾಹುಕಾರರೊಬ್ಬರ ಟ್ರ್ಯಾಕ್ಟರ್ ನಡೆಸುವಾಗ ಅದಕ್ಕೆ ಕ್ಲಚ್ ತುಳಿಯುವುದನ್ನು ಕಲಿಸಿದೆ. ಆಮೇಲೆ ಅದು ಬೇರೇನನ್ನೂ ಕಲಿಯಲಿಲ್ಲ. ಈಗಲೂ ಬಸ್ಸಿನಲ್ಲಿ ಕೂತಾಗ ಡ್ರೈವರ್ ಗೇರು ಬದಲಿಸಿದರೆ ನನ್ನ ಎಡಗಾಲು ಮುಂದಿನ ಸೀಟಿನ ಕೆಳಗೆ ನುಗ್ಗುತ್ತದೆ. ಅಲ್ಲಿ ಯಾರದಾದರೂ ಟೊಮ್ಯಾಟೊ ಬುಟ್ಟಿ ಇದ್ದರೆ ಊರು ಬರುವವರೆಗೂ ಬೈಗುಳ ಕೇಳಬೇಕು.

ಸಿಂಧನೂರಿನ ನಮ್ಮ ಮನೆಯ ಹಿಂದೆ ದೊಡ್ಡ ಸಿಮೆಂಟಿನ ಅಂಗಳವಿದೆ. ಮಿಲ್ಲಿನವರು ಕುದಿಸಿದ ಭತ್ತವನ್ನು ಅಲ್ಲಿ ಒಣಹಾಕುತ್ತಾರೆ. ಬಿಸಿಲೇರಿದಂತೆ ನಾವು ಅದನ್ನು ಮೇಲಿಂದ ಮೇಲೆ ತಿರುವುತ್ತಿರಬೇಕು, ಇಲ್ಲದಿದ್ದರೆ ಮೇಲಿನದು ಬಿರಿಯುತ್ತದೆ, ಕೆಳಗಿನದು ಮುಗ್ಗುತ್ತದೆ. ತೊಂಬತ್ತರ ದಶಕ ಶುರುವಾದಾಗ ಲಿಂಗಸುಗೂರಿನ ಕಡೆ ಒಂದು ಕ್ಲಬ್ಬಿನ ಹಳೆ ಸಾಮಾನಿನ ಹರಾಜಿನಲ್ಲಿ ಒಂದು ಪರದೇಶದ ಪುಟ್ಟ ಟ್ರ್ಯಾಕ್ಟರ್ ಸಿಕ್ಕಿತು. ಸಾಹೇಬರ ಹುಲ್ಲಿನ ಅಂಗಳ ಕತ್ತರಿಸುತ್ತಿದ್ದ ಗಾಡಿ. ಹಿಂದೆ ಒಂದು ಹಲಗೆ ಕಟ್ಟಿದರೆ ಭತ್ತ ತಿರುವೀತು ಎಂದು ತಂದೆ. ಬೀದಿಯವರು ನೋಡಲು ಬಂದರು. ಮಗ್ಗುಲ ಮನೆಯ ಹಿರಿಯರು ಸುತ್ತ ಒಂದು ಸುತ್ತು ಹಾಕಿ, "ಹುಲ್ಲು ಕೊಯ್ಯಾಕ ಗಾಡಿ ಏನ್ ಬಸಣ್ಣ? ಎಮ್ಮಿ ತಂದಿದ್ರ ಹುಲ್ಲೂ ಹೋಗ್ತಿತ್ತು, ಹಾಲೂ ಬರ್ತಿತ್ತು" ಎಂದರು.

ಹತ್ತಿ ಕೂತೆ. ಎಡಗಾಲು ಕ್ಲಚ್ ಹುಡುಕಿತು, ಇಲ್ಲ. ಕೈ ಗೇರು ಹುಡುಕಿತು, ಅದೂ ಇಲ್ಲ. ಬಲಗಾಲಿನ ಬಳಿ ಒಂದೇ ಒಂದು ಪೆಡಲ್ಲು. ಗಾಬರಿಯಲ್ಲಿ ಎಡಗಾಲು ಬರಿ ತಗಡನ್ನು ಜೋರಾಗಿ ತುಳಿಯಿತು, ಅದರ ಜೊತೆಗೆ ಬಲಗಾಲೂ ಒತ್ತಿತು. ಗಾಡಿ ಹೋಗಿ ತುಳಸಿಕಟ್ಟೆಗೆ ಹಾಯಿತು.

ಮೆಕ್ಯಾನಿಕ್ ಖಾಜಾಸಾಬನನ್ನು ಕರೆಸಿದೆ. ಅವನು ಎರಡು ದಿನ ಗಾಡಿಯ ಕೆಳಗೆ ಮಲಗಿ ಎದ್ದು ಬಂದು ಹೇಳಿದ: "ಇದರಾಗ ಹಲ್ಲಿನ ಗೇರ್ ಬದಲಿ ಮಾಡೂದಿಲ್ರೀ, ಎಣ್ಣಿನೇ ಎಲ್ಲಾ ಕೆಲಸ ಮಾಡ್ತದ. ಇಂಜಿನ್ನು ಒಂದು ಪಂಪ್ ತಿರಗಸ್ತದ. ಪಂಪು ಎಣ್ಣಿ ದಬ್ಬತದ. ಆ ಎಣ್ಣಿ ಹೋಗಿ ಇನ್ನೊಂದು ಮೋಟಾರ್ ತಿರಗಸ್ತದ, ಅದು ಗಾಲಿ ತಿರಗಸ್ತದ. ಪಂಪಿನ್ಯಾಗ ಸಣ್ಣ ಸಣ್ಣ ಪಿಸ್ಟನ್ ಅದಾವ, ಅವುಕ್ಕ ಒಂದು ತಟ್ಟಿ ತಾಗಿಕೊಂಡಿರ್ತದ. ಪೆಡಲ್ ಒತ್ತಿದ್ರ ಆ ತಟ್ಟಿ ಓರೆ ಆಗ್ತದ." ನಾನು ತಲೆಯಾಡಿಸಿದೆ. ಏನೂ ತಿಳಿದಿರಲಿಲ್ಲ.

ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ನನ್ನ ಹೆಂಡತಿ ಶರಣಮ್ಮ ಕೈಯಲ್ಲಿದ್ದ ಮೊರ ಎತ್ತಿ ತೋರಿಸಿದಳು. "ಹಿಂಗೇನು? ಮೊರ ಸಮ ಹಿಡಿದ್ರ ಕಾಳು ನಿಂತಲ್ಲೇ ನಿಲ್ತಾವ. ಅತ್ತ ಓರೆ ಮಾಡಿದ್ರ ಅತ್ತ ಹೋಗ್ತಾವ, ಇತ್ತ ಓರೆ ಮಾಡಿದ್ರ ಇತ್ತ ಬರ್ತಾವ. ಜಾಸ್ತಿ ಓರೆ ಮಾಡಿದ್ರ ಜೋರ್ ಹೋಗ್ತಾವ."

"ಅಕ್ಕಾರಿಗೆ ತಿಳೀತು ನೋಡ್ರಿ" ಎಂದ ಖಾಜಾಸಾಬ. ನಾನು ಚಹಾ ತರಲು ಹೋದೆ.

ಬರುವಷ್ಟರಲ್ಲಿ ಅವಳು ಸೆರಗು ಸಿಕ್ಕಿಸಿಕೊಂಡು ಗಾಡಿ ನಡೆಸುತ್ತಿದ್ದಳು. ಕಾಲ್ಬೆರಳ ತುದಿ ಒತ್ತಿದರೆ ಮುಂದೆ, ಹಿಮ್ಮಡಿ ಒತ್ತಿದರೆ ಹಿಂದೆ, ಕಾಲೆತ್ತಿದರೆ ಪೆಡಲ್ಲು ತಾನೇ ಸಮಕ್ಕೆ ಬಂದು ಗಾಡಿ ನಿಲ್ಲುತ್ತದೆ. ಅಂಗಳದ ಈ ತುದಿಯಿಂದ ಆ ತುದಿಗೆ, ಮತ್ತೆ ಅಲ್ಲಿಂದ ಹಿಂದಕ್ಕೆ, ಹಾರ್ಮೋನಿಯಂ ಬಾರಿಸಿದ ಹಾಗೆ. ಜೀವಮಾನದಲ್ಲಿ ಸೈಕಲ್ಲನ್ನೂ ಮುಟ್ಟಿದವಳಲ್ಲ. ಮರೆಯಬೇಕಾದದ್ದು ಅವಳ ಕಾಲಿನಲ್ಲಿ ಏನೂ ಇರಲಿಲ್ಲ. ಅಂದಿನಿಂದ ಗಾಡಿ ಅವಳದಾಯಿತು. ನಾನು ಹತ್ತಲು ಹೋದರೆ, "ನೀವು ಇಳೀರಿ, ಹೊಸಾ ತುಳಸಿಕಟ್ಟಿ ಇನ್ನೂ ಹಸೀ ಐತಿ" ಎನ್ನುತ್ತಿದ್ದಳು.

ಒಂದು ಮುಂಜಾನೆ ಅವಳು ಗಾಡಿಯನ್ನು ಬೀದಿಯಿಂದ ಅಂಗಳಕ್ಕೆ ತರುತ್ತಿದ್ದಳು. ಅಂಗಳದ ಗೇಟಿನಲ್ಲಿ ಕಾಲೆತ್ತಿ ನಿಲ್ಲಿಸಿ, ಎದೆ ಹಿಡಿದುಕೊಂಡು, ಸ್ಟೀರಿಂಗಿನ ಮೇಲೆ ಬಾಗಿದಳಂತೆ. ನಾವು ಅವಳನ್ನು ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿದೆವು. ಗಾಡಿ ಯಾರಿಗೂ ನೆನಪಾಗಲಿಲ್ಲ. ಪೆಟ್ರೋಲು ತೀರುವವರೆಗೆ ಇಂಜಿನ್ನು ಓಡುತ್ತಲೇ ಇತ್ತೆಂದು ಆಮೇಲೆ ಬೀದಿಯವರು ಹೇಳಿದರು. ತಟ್ಟೆ ಸಮ ಇದ್ದುದರಿಂದ ಗಾಡಿ ಒಂದು ಬೆರಳೂ ಕದಲಿರಲಿಲ್ಲ. ಅವಳು ನಿಲ್ಲು ಅಂದಿದ್ದಳು, ನಿಂತಿತ್ತು.

ಅವಳು ದವಾಖಾನೆಯಿಂದ ಹೆಣವಾಗಿ ಬಂದಳು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಹಚ್ಚಿ, ಬಾಳೆಗಿಡ ಕಟ್ಟಿದ, ಹೆಗಲ ಮೇಲೆ ಹೊರುವ ವಿಮಾನದಲ್ಲಿ ಕೂಡಿಸಿ ಒಯ್ಯುತ್ತೇವೆ. ಮನೆಯ ಮುಂಬಾಗಿಲು ಸಣ್ಣದಾದ್ದರಿಂದ ವಿಮಾನವನ್ನು ಅಂಗಳದಲ್ಲೇ ಕಟ್ಟಿದ್ದರು. ಅದು ಬೀದಿಗೆ ಹೋಗಬೇಕಾದದ್ದು ಗೇಟಿನಿಂದ. ಗೇಟಿನಲ್ಲಿ ಗಾಡಿ. ಕೀಲಿ ತಿರುವಿದ್ದು ಹಾಗೇ ಉಳಿದು ಬ್ಯಾಟರಿಯೂ ಸತ್ತಿತ್ತು. ಹೊತ್ತು ಇಳಿಯುತ್ತಿತ್ತು, ಕತ್ತಲಾಗುವುದರೊಳಗೆ ಮಣ್ಣು ಮಾಡಬೇಕಿತ್ತು.

ಭಜನೆಯವರು ತಾಳ ಕೆಳಗಿಟ್ಟು ದಬ್ಬಿದರು. ಅಳುತ್ತಿದ್ದ ಮುದುಕಿಯೊಬ್ಬರು ಅಳು ನಿಲ್ಲಿಸಿ, "ಬ್ರೇಕ್ ಹಾಕ್ಯಾಳೇನ್ ನೋಡ್ರಪ್ಪಾ" ಎಂದು ಮತ್ತೆ ಅಳಲು ಕೂತರು. ಗಾಡಿ ಕದಲಲಿಲ್ಲ.

"ಮಾವಾ, ನ್ಯೂಟ್ರಲ್ ಮಾಡ್ರಿ" ಎಂದ ಶರಣಮ್ಮನ ತಮ್ಮ ಅಮರೇಶ. "ಗೇರ್ ಎಲ್ಲೈತಿ?"

"ಇಲ್ಲ."

"ಕ್ಲಚ್ಚು?"

"ಅದೂ ಇಲ್ಲ."

"ಮತ್ತೇನೈತಿ?"

"ಎಣ್ಣಿ" ಎಂದೆ.

ಅವನು ನನ್ನ ಮುಖ ನೋಡಿದ. ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಯಾರೋ ಗೋಡೆ ಒಡೆಯಲು ಹಾರೆ ತಂದರು.

ನಾನು ಬೀದಿಯ ಕಡೆ ಹೋಗಿ ಗಾಡಿಯ ಹಿಂದೆ ಕುಕ್ಕರಿಸಿದೆ. ಏನನ್ನೂ ಹುಡುಕಲಿಕ್ಕಲ್ಲ. ಅಲ್ಲಿ ಬೆರಳು ದಪ್ಪದ ಒಂದು ಸಲಾಕೆ ಹೊರಚಾಚಿತ್ತು. ಅದಕ್ಕೆ ಅವಳ ಹಳೆಯ ಇಳಕಲ್ ಸೀರೆಯ ಚೂರು ಕಟ್ಟಿತ್ತು. ಆಗ ನೆನಪಾಯಿತು. ನಾನು ಚಹಾ ತರಲು ಹೋದಾಗ ಖಾಜಾಸಾಬ ಅವಳಿಗೆ ಹೇಳಿದ್ದನಂತೆ: ಇಂಜಿನ್ನು ಬಂದಾದರೆ ಪಂಪಿಗೂ ಮೋಟಾರಿಗೂ ನಡುವೆ ಎಣ್ಣೆ ಸಿಕ್ಕಿಬೀಳುತ್ತದೆ, ಗಾಲಿ ತಿರುಗುವುದಿಲ್ಲ, ಈ ಸಲಾಕೆ ಎಳೆದರೆ ಎಣ್ಣೆಗೆ ದಾರಿ ಬಿಟ್ಟಂತೆ. ಅವಳು ನನಗೂ ಹೇಳಿದ್ದಳು. "ನಿಮಗ ನೆನಪಿರಂಗಿಲ್ಲ, ಅದಕ್ಕ ಅರಿವಿ ಕಟ್ಟೀನಿ. ಕಾಲುವಿ ತೂಬು ಎತ್ತಿದಂಗ ಎತ್ತಿಬಿಡ್ರಿ."

ಎಳೆದೆ. ಮುಂದೆ ಮೈಯೆಲ್ಲ ಭಾರ ಹಾಕಿ ದಬ್ಬುತ್ತಿದ್ದವರಿಗೆ ಇದು ಗೊತ್ತಿರಲಿಲ್ಲ. ಗಾಡಿ ಬೆಣ್ಣೆಯಂತೆ ಹಿಂದೆ ಜಾರಿತು. ನಾನು ಪಕ್ಕಕ್ಕೆ ಉರುಳಿದೆ. ಅಮರೇಶ ಮತ್ತು ತಾಳದವರು ಬೋರಲು ಬಿದ್ದರು. ಯಾರೋ ನಕ್ಕರು. ನಾನೇ ಇರಬೇಕು. ವಿಮಾನ ಗೇಟು ದಾಟಿತು. ಅವಳು ನೆಟ್ಟಗೆ ಕೂತಿದ್ದಳು, ಗಾಡಿಯ ಮೇಲೆ ಕೂರುತ್ತಿದ್ದ ಹಾಗೆಯೇ.

ಗಾಡಿ ಮಾರಿಬಿಡಿ, ಕಣ್ಣೆದುರು ಇದ್ದರೆ ನೆನಪು ಕಾಡುತ್ತದೆ ಎಂದು ಎಲ್ಲರೂ ಹೇಳಿದರು. ಹೌದೆನ್ನಿಸಿತು. ಪಾಮನಕಲ್ಲೂರಿನಿಂದ ಗೌಡರೊಬ್ಬರು ನೋಡಲು ಬಂದರು. ಹೊಸ ಬ್ಯಾಟರಿ ಹಾಕಿಸಿ ತಯಾರಾಗಿದ್ದೆ. ಮೊರ, ಕಾಳು, ಓರೆ, ಎಲ್ಲವನ್ನೂ ಅವಳ ಮಾತಿನಲ್ಲೇ ವಿವರಿಸಿದೆ. ಗೌಡರಿಗೆ ಪೂರ್ತಿ ತಿಳಿಯಿತು.

"ಛಲೋ ಐತ್ರಿ. ಒಂದ್ಸಲ ನೀವ ನಡಿಸಿ ತೋರಸ್ರಿ, ಒಯ್ತೀನಿ" ಎಂದರು.

ಹತ್ತಿ ಕೂತೆ. ಬಲಗಾಲನ್ನು ಮೆಲ್ಲಗೆ ಒತ್ತಿದೆ. ಗಾಡಿ ಅಂಗಳದುದ್ದಕ್ಕೂ ಚೆನ್ನಾಗಿಯೇ ಹೋಯಿತು. ಕೊನೆಯಲ್ಲಿ ಕಾಲೆತ್ತಿದ್ದರೆ ಸಾಕಿತ್ತು. ಎಡಗಾಲು ಇಲ್ಲದ ಕ್ಲಚ್ ತುಳಿಯಿತು, ಜೊತೆಗೆ ಬಲಗಾಲೂ ಒತ್ತಿತು.

ಗೌಡರು ತುಳಸಿಕಟ್ಟೆಯ ಚದುರಿದ ಇಟ್ಟಿಗೆಗಳನ್ನು ನೋಡಿ, ಬಸ್ಸಿನ ಹೊತ್ತಾಯಿತು ಎಂದು ಹೊರಟರು. ಆಮೇಲೆ ಕೊಳ್ಳಲು ಯಾರೂ ಬರಲಿಲ್ಲ. ಗಾಡಿ ಅಂಗಳದಲ್ಲೇ ಇದೆ, ಸೀರೆಯ ಚೂರೂ ಇದೆ. ಬೇಕೆಂದು ಮಾಡಿದ್ದಲ್ಲ ಎಂದು ಅಮರೇಶನಿಗೂ ಬೀದಿಯವರಿಗೂ ಹೇಳಿದ್ದೇನೆ, ಅವರು ನಂಬಿದ್ದಾರೆ. ಎಡಗಾಲನ್ನು ಮಾತ್ರ ನಾನಿನ್ನೂ ಕೇಳಿಲ್ಲ. ನಾನು ತಿಳಿದಷ್ಟು ಅದು ದಡ್ಡ ಅಲ್ಲವೇನೋ.